ಪಾವತಿ ಪುಟ ಕಟ್ಟುತ್ತಾ ಕಲಿತದ್ದು: ವೆಬ್ ಮತ್ತು ಬಿಟ್‌ಕಾಯಿನ್ ನಡುವಿನ ನನ್ನ ಅನುಭವ

ವೃತ್ತಿಯಿಂದ ನಾನು ಸಾಫ್ಟ್‌ವೇರ್ ಎಂಜಿನಿಯರ್. ಬಹಳ ವರ್ಷಗಳಿಂದ ವೆಬ್ ಅಪ್ಲಿಕೇಶನ್‌ಗಳನ್ನು ಬರೆಯುತ್ತಾ ಬಂದವನು. ಕ್ರಿಪ್ಟೊಕರೆನ್ಸಿಯ ಕಡೆಗೆ ನನ್ನನ್ನು ಎಳೆದದ್ದು ಅದರ ಬೆಲೆಯ ಏರಿಳಿತವಲ್ಲ, ಬ್ರೌಸರ್ ಮತ್ತು ಸರ್ವರ್ ಪರಸ್ಪರ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿಯ ಸ್ಥಿತಿ ಸಂಕೇತಗಳ ಪಟ್ಟಿ. ಪುಟ ಸಿಗದಿದ್ದಾಗ ಬರುವ 404 ಎಲ್ಲರಿಗೂ ಗೊತ್ತು. ಅದಕ್ಕಿಂತ ಎರಡು ಸಂಖ್ಯೆ ಹಿಂದೆ 402 ಇದೆ. ಅದರ ಹೆಸರು ‘ಪಾವತಿ ಅಗತ್ಯ’. 1999ರ ಎಚ್‌ಟಿಟಿಪಿ ವಿವರಣೆಯಲ್ಲಿ ಅದರ ಮುಂದೆ ‘ಮುಂದಿನ ಬಳಕೆಗೆ ಕಾಯ್ದಿರಿಸಲಾಗಿದೆ’ ಎಂಬರ್ಥದ ಒಂದೇ ಸಾಲು ಇತ್ತು. 2022ರಲ್ಲಿ ಹೊರಬಂದ ಹೊಸ ವಿವರಣೆಯಲ್ಲಿಯೂ ಅದೇ ಸಾಲು ಉಳಿದುಕೊಂಡಿದೆ. ಪುಟವನ್ನು, ಚಿತ್ರವನ್ನು, ಧ್ವನಿಯನ್ನು ಜಗತ್ತಿನ ಎಲ್ಲ ಮೂಲೆಗೂ ಸಾಗಿಸುವ ವೆಬ್‌ಗೆ ಹಣವನ್ನು ಸಾಗಿಸುವ ಸ್ವಂತ ವಿಧಾನ ಇಲ್ಲವೆಂಬ ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಆ ಕುತೂಹಲದಲ್ಲಿಯೇ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಬಿಟ್‌ಕಾಯಿನ್ ಪ್ರಬಂಧವನ್ನು ಓದಿದೆ. ಅದು ಕೇವಲ ಒಂಬತ್ತು ಪುಟಗಳದ್ದು. ಮೊದಲ ಓದಿನಲ್ಲಿ ಅರ್ಧವೂ ಅರ್ಥವಾಗಲಿಲ್ಲ, ಆದರೆ ಕೈಯಾರೆ ಏನನ್ನಾದರೂ ಕಟ್ಟದೆ ಇದು ಅರ್ಥವಾಗುವುದಿಲ್ಲ ಎಂಬುದು ಮಾತ್ರ ಸ್ಪಷ್ಟವಾಯಿತು.

ನಾನೇ ಬರೆದ ಕೆಲವು ಸಣ್ಣ ಸಾಫ್ಟ್‌ವೇರ್ ಉಪಕರಣಗಳನ್ನು ಮಾರುವ ಒಂದು ತಾಣ ನನ್ನ ಬಳಿ ಇತ್ತು. ಖರೀದಿಸಿದವರಿಗೆ ಲೈಸೆನ್ಸ್ ಕೀ ಕಳುಹಿಸುವುದಷ್ಟೇ ಅದರ ಕೆಲಸ. ಅದಕ್ಕೆ ಬಿಟ್‌ಕಾಯಿನ್ ಪಾವತಿಯನ್ನು ಸೇರಿಸಲು ನಿರ್ಧರಿಸಿದೆ. ಮೊದಲ ಆವೃತ್ತಿಯಲ್ಲಿ ನಾನು ಎಲ್ಲ ವೆಬ್ ಎಂಜಿನಿಯರ್‌ಗಳೂ ಮಾಡುವುದನ್ನೇ ಮಾಡಿದೆ: ಪಾವತಿ ಸೇವೆಯೊಂದನ್ನು ಜೋಡಿಸಿಕೊಂಡೆ, ಹಣ ಬಂದಿತೆಂದು ಅದು ನನ್ನ ಸರ್ವರ್‌ಗೆ ಸಂದೇಶ ಕಳುಹಿಸಿದ ಕೂಡಲೇ ಡೇಟಾಬೇಸ್‌ನಲ್ಲಿ ಆ ಬಿಲ್‌ನ ಸ್ಥಿತಿಯನ್ನು ‘ಪಾವತಿಯಾಗಿದೆ’ ಎಂದು ಬದಲಿಸಿದೆ, ಲೈಸೆನ್ಸ್ ಕೀಯನ್ನು ಇಮೇಲ್ ಮಾಡಿದೆ. ಈ ಪುಟ್ಟ ಕೋಡ್‌ನಲ್ಲಿ ಎಷ್ಟು ತಪ್ಪುಗಳಿದ್ದವು ಎಂಬುದು ಮುಂದಿನ ಕೆಲವೇ ತಿಂಗಳುಗಳಲ್ಲಿ ಒಂದೊಂದಾಗಿ ಹೊರಬಂದಿತು.

ಮೊದಲನೆಯದು ಎರಡು ಬಾರಿ ಬಂದ ಸಂದೇಶ. ನನ್ನ ಸರ್ವರ್ ಉತ್ತರಿಸುವುದು ತಡವಾದುದರಿಂದ ಆ ಸೇವೆ ಅದೇ ಸಂದೇಶವನ್ನು ಮತ್ತೆ ಕಳುಹಿಸಿತು. ಒಬ್ಬರೇ ಗ್ರಾಹಕರಿಗೆ ಎರಡು ಕೀಗಳು ಹೋದವು. ಇದು ವೆಬ್ ಲೋಕದ ಹಳೆಯ ಸಮಸ್ಯೆ, ಅದಕ್ಕೆ ಪರಿಹಾರವೂ ಹಳೆಯದೇ: ಒಂದೇ ಸಂದೇಶ ಎಷ್ಟು ಬಾರಿ ಬಂದರೂ ಪರಿಣಾಮ ಒಂದೇ ಆಗಿರುವಂತೆ ಬರೆಯುವುದು. ಅದನ್ನು ಅರ್ಧ ದಿನದಲ್ಲಿ ಸರಿಪಡಿಸಿದೆ.

ಎರಡನೆಯದು ನನ್ನನ್ನು ಹೆಚ್ಚು ಕಲಕಿತು. ಒಬ್ಬ ಗ್ರಾಹಕರು ಕಳುಹಿಸಿದ ವಹಿವಾಟು ನೆಟ್‌ವರ್ಕ್‌ನಲ್ಲಿ ಕಾಣಿಸಿಕೊಂಡಿತು, ಕೀ ಹೋಯಿತು. ಆದರೆ ಆ ವಹಿವಾಟು ಯಾವ ಬ್ಲಾಕ್‌ಗೂ, ಅಂದರೆ ವಹಿವಾಟುಗಳನ್ನು ಒಟ್ಟಾಗಿ ದಾಖಲಿಸುವ ಯಾವ ಕಟ್ಟಿಗೂ, ಸೇರಲಿಲ್ಲ. ಹೆಚ್ಚು ಶುಲ್ಕ ಕೊಟ್ಟ ಇನ್ನೊಂದು ವಹಿವಾಟು ಅದೇ ಹಣವನ್ನು ಬೇರೆ ವಿಳಾಸಕ್ಕೆ ಸಾಗಿಸಿ ಮೊದಲನೆಯದರ ಜಾಗವನ್ನು ಆಕ್ರಮಿಸಿತ್ತು. ದೃಢೀಕರಣಕ್ಕೆ, ಅಂದರೆ ಬ್ಲಾಕ್ ಸೇರುವುದಕ್ಕೆ, ಮುನ್ನ ವಹಿವಾಟನ್ನು ಹೀಗೆ ಬದಲಿಸಲು ಬಿಟ್‌ಕಾಯಿನ್‌ನಲ್ಲಿ ಬಹಳ ಹಿಂದಿನಿಂದಲೂ ಅವಕಾಶವಿದೆ. ಬಿಟ್‌ಕಾಯಿನ್ ನೆಟ್‌ವರ್ಕ್‌ನ ಮುಖ್ಯ ತಂತ್ರಾಂಶವಾದ ಬಿಟ್‌ಕಾಯಿನ್ ಕೋರ್‌ನ, 2024ರಲ್ಲಿ ಬಂದ 28ನೆಯ ಆವೃತ್ತಿಯಿಂದೀಚೆಗೆ, ವಹಿವಾಟಿನಲ್ಲಿ ‘ಬದಲಿಸಬಹುದು’ ಎಂಬ ಸೂಚನೆ ಇರಲಿ ಬಿಡಲಿ, ನೋಡ್‌ಗಳು, ಅಂದರೆ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳು, ಆ ಬದಲಾವಣೆಯನ್ನು ಒಪ್ಪುವುದೇ ಸಾಮಾನ್ಯ ನಡಾವಳಿಯಾಗಿದೆ. ಗ್ರಾಹಕರು ಬೇಕೆಂದೇ ಮಾಡಿದರೋ, ಅವರ ವಾಲೆಟ್ ತಾನಾಗಿಯೇ ಮಾಡಿತೋ ನನಗೆ ತಿಳಿಯದು. ನಾನು ಮಾತ್ರ ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದ್ದೆ.

ಆ ರಾತ್ರಿ ಕೋಡ್ ತೆರೆದು ಕುಳಿತಾಗ ನನಗೆ ಹೊಳೆದ ಸಂಗತಿಯೇ ಮುಂದಿನ ಎಲ್ಲ ಕೆಲಸಕ್ಕೂ ಬುನಾದಿಯಾಯಿತು. ವೆಬ್ ಅಪ್ಲಿಕೇಶನ್ ಬರೆಯುವವನಿಗೆ ತನ್ನ ಡೇಟಾಬೇಸ್ ಹೇಳಿದ್ದೇ ಸತ್ಯ. ಬಳಕೆದಾರನ ಹೆಸರು ಏನು, ಆತನ ಬುಟ್ಟಿಯಲ್ಲಿ ಏನಿದೆ, ಆತ ಯಾವಾಗ ಒಳಬಂದ ಎಂಬ ಪ್ರಶ್ನೆಗಳಿಗೆ ನನ್ನ ಕೋಷ್ಟಕದಲ್ಲಿ ಬರೆದದ್ದರ ಹೊರತು ಬೇರೆ ಉತ್ತರವೇ ಇಲ್ಲ. ಬಿಟ್‌ಕಾಯಿನ್ ವಿಷಯದಲ್ಲಿ ಹಾಗಲ್ಲ. ಹಣ ಬಂದಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಾಗಿ ಇಟ್ಟುಕೊಂಡಿರುವ ಸರಪಳಿಯಲ್ಲಿದೆ. ನನ್ನ ಡೇಟಾಬೇಸ್ ಅದರ ಒಂದು ನಕಲು ಮಾತ್ರ, ಅದೂ ಕೆಲವು ಕ್ಷಣ ಹಿಂದುಳಿದ ನಕಲು. ನಾನು ‘ಪಾವತಿಯಾಗಿದೆ’ ಎಂದು ಬರೆದುಕೊಂಡ ಮಾತ್ರಕ್ಕೆ ಪಾವತಿ ಆಗುವುದಿಲ್ಲ. ಆದ್ದರಿಂದ ಪಾವತಿಯ ಸ್ಥಿತಿಯನ್ನು ಬರೆದಿಡುವುದನ್ನೇ ಬಿಟ್ಟು, ಪ್ರತಿ ಬಾರಿಯೂ ಸರಪಳಿಯನ್ನು ನೋಡಿ ಲೆಕ್ಕ ಹಾಕುವಂತೆ ಎಲ್ಲವನ್ನೂ ಮೊದಲಿನಿಂದ ಕಟ್ಟಲು ತೀರ್ಮಾನಿಸಿದೆ.

ಅದಕ್ಕೆ ಮೊದಲು ನನ್ನದೇ ಆದ ನೋಡ್ ಬೇಕಿತ್ತು. ಬೇರೆಯವರ ಸೇವೆಯನ್ನು ಕೇಳಿ ಸರಪಳಿಯ ಸ್ಥಿತಿಯನ್ನು ತಿಳಿಯುವುದಾದರೆ, ನನ್ನ ನಕಲಿಗೂ ಮೂಲಕ್ಕೂ ನಡುವೆ ಇನ್ನೊಂದು ನಕಲು ಸೇರಿಕೊಂಡಂತಾಗುತ್ತದೆ. ಬಿಟ್‌ಕಾಯಿನ್ ಕೋರ್ ಅನ್ನು ಒಂದು ಹಳೆಯ ಕಂಪ್ಯೂಟರ್‌ನಲ್ಲಿ ಸ್ಥಾಪಿಸಿದೆ. 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ ಹಿಡಿದು ಇಂದಿನವರೆಗಿನ ಪ್ರತಿಯೊಂದು ವಹಿವಾಟನ್ನೂ ಅದು ತಾನೇ ಪರಿಶೀಲಿಸುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಈ ಕೆಲಸ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಕೆಲವು ದಿನಗಳಲ್ಲಿ ಮುಗಿಯಿತು. ಪೂರ್ತಿ ಸರಪಳಿಗೆ 500 ಗಿಗಾಬೈಟ್‌ಗೂ ಹೆಚ್ಚು ಜಾಗ ಬೇಕು. ಹಳೆಯ ಬ್ಲಾಕ್‌ಗಳನ್ನು ಪರಿಶೀಲಿಸಿದ ಬಳಿಕ ಅಳಿಸಿಹಾಕುವ ಆಯ್ಕೆಯೂ ಇದೆ, ಆಗ ಬ್ಲಾಕ್ ಕಡತಗಳಿಗೆ 550 ಮೆಗಾಬೈಟ್ ಕೊಟ್ಟರೂ ಸಾಕು. ಆದರೆ ಹಾಗೆ ಅಳಿಸಿದ ನೋಡ್‌ನಲ್ಲಿ ಹಳೆಯ ವಿಳಾಸವೊಂದಕ್ಕೆ ಹಣ ಬಂದಿತ್ತೇ ಎಂದು ಹಿಂದಕ್ಕೆ ಹೋಗಿ ಹುಡುಕಲಾಗದು. ಪಾವತಿ ಸ್ವೀಕರಿಸುವವನಿಗೆ ಈ ಹುಡುಕಾಟ ಒಂದಲ್ಲ ಒಂದು ದಿನ ಬೇಕಾಗಿಯೇ ತೀರುತ್ತದೆ; ನಾನು ಪೂರ್ತಿ ಸರಪಳಿಯನ್ನೇ ಉಳಿಸಿಕೊಂಡೆ.

ಮುಂದಿನದು ಮೊತ್ತದ ಪ್ರಶ್ನೆ. ಜಾವಾಸ್ಕ್ರಿಪ್ಟ್‌ನಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆಂದು ಓದಿ ತಿಳಿದಿದ್ದೆ, ಆದರೆ ಹಣದ ವಿಚಾರದಲ್ಲಿ ಅದರ ಬಿಸಿ ತಟ್ಟಿರಲಿಲ್ಲ. ಒಬ್ಬ ಗ್ರಾಹಕರು ಮೊತ್ತವನ್ನು ಎರಡು ಕಂತುಗಳಲ್ಲಿ ಕಳುಹಿಸಿದರು. ಎರಡನ್ನೂ ಕೂಡಿದರೆ ಬಿಲ್‌ಗೆ ಸರಿಯಾಗಿಯೇ ಇತ್ತು, ಆದರೆ ನನ್ನ ಕೋಡ್ ‘ಕಡಿಮೆ ಬಂದಿದೆ’ ಎಂದು ಹೇಳಿತು. ನೋಡ್ ಕೊಡುವ ಉತ್ತರದಲ್ಲಿ ಮೊತ್ತಗಳು ದಶಮಾಂಶ ಬಿಟ್‌ಕಾಯಿನ್‌ನಲ್ಲಿ ಇರುತ್ತವೆ, ಜೇಸನ್ ಎಂಬ ದತ್ತಾಂಶ ರೂಪದಲ್ಲಿ ಬಂದ ಆ ಉತ್ತರವನ್ನು ಓದುವಾಗ ಅವು ದಶಮಾಂಶಗಳನ್ನು ಅಂದಾಜಾಗಿ ಮಾತ್ರ ಹಿಡಿದಿಡುವ ತೇಲುಬಿಂದು ಸಂಖ್ಯೆಗಳಾಗುತ್ತವೆ, ಅಲ್ಲಿಂದ ಮುಂದಿನ ಕೂಡಿಸುವಿಕೆ, ಹೋಲಿಕೆ ಎಲ್ಲವೂ ಜಾರುನೆಲ. ಅದನ್ನು ಬಿಟ್‌ಕಾಯಿನ್‌ನ ಅತಿ ಚಿಕ್ಕ ಘಟಕವಾದ ಸತೋಶಿಗೆ ಪರಿವರ್ತಿಸುವಾಗಲೂ ಅಪಾಯವಿದೆ: 0.29 ಅನ್ನು 100ರಿಂದ ಗುಣಿಸಿದರೆ 28.999999999999996 ಬರುತ್ತದೆ, ಕೆಳಕ್ಕೆ ಇಳಿಸಿ ಪೂರ್ಣಾಂಕ ಮಾಡಿದರೆ 28 ಉಳಿಯುತ್ತದೆ. ಆದ್ದರಿಂದ ನಾನು ಮೊತ್ತವನ್ನು ಅಕ್ಷರಮಾಲೆಯಾಗಿಯೇ ತೆಗೆದುಕೊಂಡು, ಬಿಂದುವನ್ನು ಎಂಟು ಸ್ಥಾನ ಸರಿಸಿ, ಪೂರ್ಣಾಂಕ ಸತೋಶಿಯಾಗಿ ಓದುವ ಸಣ್ಣ ಕಾರ್ಯವೊಂದನ್ನು ಬರೆದೆ. ಒಂದು ಬಿಟ್‌ಕಾಯಿನ್‌ಗೆ ಹತ್ತು ಕೋಟಿ ಸತೋಶಿ. ಎಂದಿಗಾದರೂ ಇರಬಹುದಾದ ಬಿಟ್‌ಕಾಯಿನ್‌ಗಳ ಮಿತಿ 2.1 ಕೋಟಿ; ಅಂದರೆ ಎಲ್ಲವನ್ನೂ ಸತೋಶಿಗೆ ಬದಲಿಸಿದರೆ 21ರ ಮುಂದೆ 14 ಸೊನ್ನೆ. ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿದಿಡಬಲ್ಲ ಅತಿ ದೊಡ್ಡ ಪೂರ್ಣಾಂಕ 9007199254740991, ಇದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಹಾಗಾಗಿ ಬಿಟ್‌ಕಾಯಿನ್‌ನ ಮಟ್ಟಿಗೆ ಸಾಮಾನ್ಯ ಸಂಖ್ಯೆಯೇ ಸಾಕು.

ಎಥೀರಿಯಂ ನೆಟ್‌ವರ್ಕ್‌ನ ನಾಣ್ಯವಾದ ಈಥರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಒಂದು ಈಥರ್ ಎಂದರೆ 1ರ ಮುಂದೆ 18 ಸೊನ್ನೆಯಷ್ಟು ವೇ; ವೇ ಅದರ ಅತಿ ಚಿಕ್ಕ ಘಟಕ. ಮೇಲಿನ ಮಿತಿ 0.009 ಈಥರ್ ದಾಟುತ್ತಲೇ ಮುಗಿದುಹೋಗುತ್ತದೆ. ಮುಂದೊಮ್ಮೆ ಈಥರ್ ಪಾವತಿಯನ್ನು ಪ್ರಯೋಗಿಸಿದಾಗ 2020ರ ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಬಂದ, ದೊಡ್ಡ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿಯುವ ಬಿಗ್‌ಇಂಟ್ ಬಳಸಿದೆ. ಬಿಗ್‌ಇಂಟ್ ಅನ್ನು ಜೇಸನ್ ನೇರವಾಗಿ ಬರೆಯಲಾರದು, ದೋಷ ಕೊಡುತ್ತದೆ. ಹಾಗಾಗಿ ಸರ್ವರ್‌ಗೂ ಬ್ರೌಸರ್‌ಗೂ ನಡುವೆ ಮೊತ್ತವನ್ನು ಅಕ್ಷರಮಾಲೆಯಾಗಿ ಸಾಗಿಸುವುದನ್ನು ನಿಯಮವಾಗಿಸಿಕೊಂಡೆ.

ಸಂಖ್ಯೆಯ ವಿಷಯದಲ್ಲಿ ಎಚ್ಚರ ತಪ್ಪುವುದು ನನ್ನಂಥವರು ಮಾತ್ರವಲ್ಲ. 2010ರ ಆಗಸ್ಟ್ 15ರಂದು ಬಿಟ್‌ಕಾಯಿನ್‌ನ 74638ನೆಯ ಬ್ಲಾಕ್‌ನಲ್ಲಿದ್ದ ಒಂದು ವಹಿವಾಟು 18,446 ಕೋಟಿಗೂ ಮಿಕ್ಕ ಬಿಟ್‌ಕಾಯಿನ್‌ಗಳನ್ನು ಸೃಷ್ಟಿಸಿತು. ಎರಡು ಬೃಹತ್ ಮೊತ್ತಗಳನ್ನು ಕೂಡಿದಾಗ ಪೂರ್ಣಾಂಕದ ಮಿತಿ ತುಂಬಿ ಹರಿದು, ಒಟ್ಟು ಮೊತ್ತ ಪರಿಶೀಲನೆಯನ್ನು ದಾಟಿಹೋಗಿತ್ತು. ಕೆಲವೇ ಗಂಟೆಗಳಲ್ಲಿ ತಿದ್ದಿದ ತಂತ್ರಾಂಶ ಹೊರಬಂದು, ಆ ಬ್ಲಾಕ್ ಇಲ್ಲದ ಸರಪಳಿ ಮುಂದೆ ಸಾಗಿತು. ಸೊನ್ನೆಗಿಂತ ಕಡಿಮೆ, ಮಿತಿಗಿಂತ ಹೆಚ್ಚು, ತೀರಾ ಅಲ್ಪ ಎಂಬ ಮೂರೂ ಬಗೆಯ ಮೊತ್ತಗಳಿಗೆ ಪರೀಕ್ಷೆಗಳನ್ನು ಬರೆಯದೆ ಮೊತ್ತದ ಕೋಡ್ ಅನ್ನು ನಾನೀಗ ಹೊರಬಿಡುವುದಿಲ್ಲ.

ಈಗ ಕೀಗಳ ವಿಚಾರ. ಲೈಸೆನ್ಸ್ ಕೀಯಲ್ಲ, ಬಿಟ್‌ಕಾಯಿನ್ ಹಣವನ್ನು ಖರ್ಚು ಮಾಡುವ ಅಧಿಕಾರ ಕೊಡುವ ಖಾಸಗಿ ಕೀ. ವೆಬ್ ಸರ್ವರ್ ಎಂದರೆ ಸದಾ ಹೊರಜಗತ್ತಿಗೆ ಬಾಗಿಲು ತೆರೆದಿರುವ ಯಂತ್ರ. ಅದರಲ್ಲಿ ಖಾಸಗಿ ಕೀ ಇಡುವುದೆಂದರೆ ಹಣದ ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಟ್ಟಂತೆ. ಅದೃಷ್ಟವಶಾತ್ ಹಾಗೆ ಇಡುವ ಅಗತ್ಯವೇ ಇಲ್ಲ. 2012ರಲ್ಲಿ ರೂಪುಗೊಂಡ ಬಿಪ್ 32 (ಬಿಪ್ ಎಂದರೆ ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾವ) ಎಂಬ ವಿಧಾನದಂತೆ ಒಂದೇ ಮೂಲಬೀಜದಿಂದ ಕೀಗಳ ಇಡೀ ವಂಶವೃಕ್ಷವನ್ನು ಪಡೆಯಬಹುದು, ಅಷ್ಟೇ ಅಲ್ಲ, ವಿಸ್ತೃತ ಸಾರ್ವಜನಿಕ ಕೀ ಎಂಬುದೊಂದರಿಂದಲೇ, ಖಾಸಗಿ ಕೀಗಳ ಸುಳಿವೂ ಇಲ್ಲದೆ, ಹೊಸ ಹೊಸ ವಿಳಾಸಗಳನ್ನು ಎಷ್ಟು ಬೇಕಾದರೂ ಹುಟ್ಟಿಸಬಹುದು. ಮೂಲಬೀಜವನ್ನು ನೆಟ್‌ವರ್ಕ್‌ಗೆ ಎಂದೂ ಸೇರದ ಸಾಧನದಲ್ಲಿ ಸೃಷ್ಟಿಸಿ, 12 ಪದಗಳಾಗಿ ಕಾಗದದ ಮೇಲೆ ಬರೆದಿಟ್ಟೆ. ಪದಗಳ ಪಟ್ಟಿಯಲ್ಲಿ 2048 ಪದಗಳಿರುವುದರಿಂದ ಪ್ರತಿ ಪದ 11 ಬಿಟ್ ಹೊರುತ್ತದೆ; 12 ಪದಗಳಿಗೆ 132 ಬಿಟ್, ಅದರಲ್ಲಿ 128 ನಿಜವಾದ ಯಾದೃಚ್ಛಿಕತೆ, ಉಳಿದ 4 ತಪ್ಪು ಹಿಡಿಯುವುದಕ್ಕೆ. ಸರ್ವರ್‌ಗೆ ಹೋದದ್ದು ವಿಸ್ತೃತ ಸಾರ್ವಜನಿಕ ಕೀ ಮಾತ್ರ. ನನ್ನ ಸರ್ವರ್‌ಗೆ ನುಗ್ಗಿದವನು ಬಂದ ಹಣವನ್ನು ನೋಡಬಲ್ಲ, ಮುಟ್ಟಲಾರ.

ಆದರೆ ಇಷ್ಟಕ್ಕೇ ನಿಶ್ಚಿಂತನಾಗುವುದು ತಪ್ಪು, ಮತ್ತು ಈ ಎರಡು ಅಪಾಯಗಳನ್ನು ಬಹಳ ಜನ ಗಮನಿಸುವುದಿಲ್ಲವೆಂದು ನನಗೆ ಅನಿಸಿದೆ. ವಿಸ್ತೃತ ಸಾರ್ವಜನಿಕ ಕೀಯ ಜೊತೆಗೆ ಅದರ ಕೆಳಗಿನ ಯಾವುದಾದರೂ ಒಂದು ಸಾಮಾನ್ಯ ಮರಿ ಖಾಸಗಿ ಕೀ ಸಿಕ್ಕರೆ, ಲೆಕ್ಕ ಹಾಕಿ ಮೇಲಿನ ಖಾಸಗಿ ಕೀಯನ್ನೇ ಪಡೆಯಬಹುದು. ಅಲ್ಲಿಗೆ ಆ ಕೊಂಬೆಯ ಎಲ್ಲ ಹಣವೂ ಹೋದಂತೆ. ಆದ್ದರಿಂದ ‘ಒಂದೇ ವಿಳಾಸದ ಕೀ ತಾನೆ’ ಎಂದು ಪ್ರಯೋಗಕ್ಕಾಗಿಯೂ ಮರಿ ಕೀಯನ್ನು ಹೊರತೆಗೆಯುವುದಿಲ್ಲ. ಇನ್ನೊಂದು ಅಪಾಯ ನೇರವಾಗಿ ವೆಬ್‌ನದು. ನುಗ್ಗಿದವನು ಇರುವ ಹಣವನ್ನು ಕದಿಯಲಾರ, ಆದರೆ ಸರ್ವರ್‌ನಲ್ಲಿರುವ ನನ್ನ ಸಾರ್ವಜನಿಕ ಕೀಯ ಬದಲು ತನ್ನದನ್ನು ಇಟ್ಟರೆ, ಮುಂದೆ ಬರುವ ಹಣವೆಲ್ಲ ಅವನಿಗೆ ಸೇರುತ್ತದೆ. ಪುಟ ಎಂದಿನಂತೆಯೇ ಕಾಣುತ್ತಿರುತ್ತದೆ. ಇದಕ್ಕಾಗಿ ಬೇರೊಂದು ಯಂತ್ರದಲ್ಲಿ ಸಣ್ಣ ಪ್ರೋಗ್ರಾಂ ಒಂದನ್ನು ಓಡಿಸುತ್ತೇನೆ. ಅದು ಸಾಮಾನ್ಯ ಗ್ರಾಹಕನಂತೆ ಆಗಾಗ ಪಾವತಿ ಪುಟವನ್ನು ತೆರೆದು, ಅಲ್ಲಿ ಕಂಡ ವಿಳಾಸ ತನ್ನ ಬಳಿಯಿರುವ ಕೀಯಿಂದ ಹುಟ್ಟುವಂಥದ್ದೇ ಎಂದು ಪರಿಶೀಲಿಸುತ್ತದೆ, ಹೊಂದದಿದ್ದರೆ ನನ್ನನ್ನು ಎಬ್ಬಿಸುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿರುವುದು ಈ ನೂರು ಸಾಲಿನ ಪ್ರೋಗ್ರಾಂ.

ಬ್ರೌಸರ್‌ನ ಬದಿಯಲ್ಲಿಯೂ ಇದೇ ಬಗೆಯ ಎಚ್ಚರ ಬೇಕಾಯಿತು. 2018ರಲ್ಲಿ, ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನ ಇವೆಂಟ್-ಸ್ಟ್ರೀಮ್ ಎಂಬ ಜನಪ್ರಿಯ ಪ್ಯಾಕೇಜ್‌ನೊಳಗೆ ಹೊಸ ಅವಲಂಬನೆಯೊಂದು ಸೇರಿಕೊಂಡು, ಬಿಟ್‌ಕಾಯಿನ್ ವಾಲೆಟ್ ಒಂದರ ಕೀಗಳನ್ನು ಕದಿಯಲು ಯತ್ನಿಸಿದ ಘಟನೆ ವೆಬ್ ಎಂಜಿನಿಯರ್‌ಗಳಿಗೆಲ್ಲ ನೆನಪಿರಬೇಕು. ನಂಬಿ ತಂದುಕೊಂಡ ಬೇಲಿಯೇ ಎದ್ದು ಹೊಲ ಮೇಯುವ ಸಾಧ್ಯತೆ ಅದು. ನನ್ನ ಪಾವತಿ ಪುಟದಲ್ಲಿ ಆಗ ಅಂಕಿಅಂಶ ಸಂಗ್ರಹಿಸುವ ಸ್ಕ್ರಿಪ್ಟ್, ಅಕ್ಷರಶೈಲಿಗಾಗಿ ಹೊರಗಿನ ಕೊಂಡಿ, ದೊಡ್ಡದೊಂದು ಫ್ರೇಮ್‌ವರ್ಕ್ ಎಲ್ಲವೂ ಇದ್ದವು. ಅವುಗಳಲ್ಲಿ ಯಾವುದಕ್ಕಾದರೂ ಪುಟದ ಮೇಲಿನ ವಿಳಾಸವನ್ನು ಬದಲಿಸಲು ಸಾಧ್ಯವಿತ್ತು. ಎಲ್ಲವನ್ನೂ ಕಿತ್ತುಹಾಕಿ, ಸರ್ವರ್‌ನಲ್ಲೇ ಸಿದ್ಧವಾಗುವ ಸರಳ ಎಚ್‌ಟಿಎಂಎಲ್ ಪುಟ ಮತ್ತು ನಾನೇ ಬರೆದ ಒಂದು ಪುಟ್ಟ ಸ್ಕ್ರಿಪ್ಟ್ ಮಾತ್ರ ಉಳಿಸಿದೆ. ಬೇರೆ ಯಾವ ಮೂಲದಿಂದಲೂ ಸ್ಕ್ರಿಪ್ಟ್ ಬರದಂತೆ ಬ್ರೌಸರ್‌ಗೆ ಭದ್ರತಾ ನೀತಿಯ ಹೆಡರ್ ಕಳುಹಿಸಿದೆ. ಕ್ಯುಆರ್ ಚಿತ್ರ ಕೂಡ ಸರ್ವರ್‌ನಲ್ಲೇ ತಯಾರಾಗುತ್ತದೆ. ಹೊಸ ಮಾದರಿಯ ವಿಳಾಸಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲದ ಕಾರಣ, ಕ್ಯುಆರ್‌ಗೆ ಮಾತ್ರ ದೊಡ್ಡಕ್ಷರದಲ್ಲಿ ಕೊಟ್ಟರೆ ಚಿತ್ರದ ಚೌಕಗಳು ಕಡಿಮೆಯಾಗಿ ಮೊಬೈಲ್ ಕ್ಯಾಮೆರಾ ಅದನ್ನು ಬೇಗ ಓದುತ್ತದೆ.

ಇಷ್ಟಾದ ಮೇಲೆ ಮೂಲ ಪ್ರಶ್ನೆಗೆ ಬಂದೆ: ಹಣ ಬಂದಿದೆ ಎಂದು ಯಾವಾಗ ಹೇಳುವುದು? ಹೊಸ ವಿನ್ಯಾಸದಲ್ಲಿ ಬಿಲ್‌ಗೆ ಸ್ಥಿತಿ ಎಂಬ ಅಂಕಣವೇ ಇಲ್ಲ. ಒಂದು ಕೋಷ್ಟಕದಲ್ಲಿ ಬಿಲ್‌ಗಳು ಮತ್ತು ಅವುಗಳ ವಿಳಾಸಗಳು. ಇನ್ನೊಂದರಲ್ಲಿ ಆ ವಿಳಾಸಗಳಿಗೆ ಬಂದ ಪ್ರತಿಯೊಂದು ಮೊತ್ತ, ಅದು ಯಾವ ವಹಿವಾಟಿನ ಎಷ್ಟನೆಯ ಭಾಗ, ಯಾವ ಬ್ಲಾಕ್‌ನಲ್ಲಿದೆ ಎಂಬ ವಿವರ. ಮೂರನೆಯದರಲ್ಲಿ ನಾನು ಕಂಡ ಬ್ಲಾಕ್‌ಗಳ ಕ್ರಮಸಂಖ್ಯೆ ಮತ್ತು ಹ್ಯಾಶ್, ಅಂದರೆ ಬ್ಲಾಕ್‌ನಿಂದಲೇ ಲೆಕ್ಕ ಹಾಕಿದ ಅದರ ಗುರುತು. ವಹಿವಾಟಿನ ಗುರುತು ಮತ್ತು ಭಾಗದ ಸಂಖ್ಯೆ ಸೇರಿ ಒಂದೇ ಸಾಲಿಗೆ ಸೀಮಿತವಾಗಿರುವುದರಿಂದ, ಅದೇ ಸುದ್ದಿ ಹತ್ತು ಬಾರಿ ಬಂದರೂ ಮೊತ್ತ ಎರಡು ಬಾರಿ ಸೇರುವುದಿಲ್ಲ. ಬಿಲ್ ತೀರಿದೆಯೇ ಎಂದು ಕೇಳಿದಾಗಲೆಲ್ಲ ಈ ಸಾಲುಗಳನ್ನು ಕೂಡಿ ಉತ್ತರ ಹೇಳುತ್ತೇನೆ.

ಹೊಸ ಬ್ಲಾಕ್ ಬಂದಾಗ ಮಾಡಬೇಕಾದ ಕೆಲಸವೇ ಇದರ ಹೃದಯ. ಪ್ರತಿಯೊಂದು ಬ್ಲಾಕ್‌ನ 80 ಬೈಟ್‌ಗಳ ತಲೆಬರಹದಲ್ಲಿ ಹಿಂದಿನ ಬ್ಲಾಕ್‌ನ ಹ್ಯಾಶ್ ಇರುತ್ತದೆ. ಹೊಸ ಬ್ಲಾಕ್ ಹೇಳುವ ‘ಹಿಂದಿನದು’ ಮತ್ತು ನನ್ನ ಕೋಷ್ಟಕದ ಕೊನೆಯ ಬ್ಲಾಕ್ ಒಂದೇ ಆಗಿದ್ದರೆ ಸೇರಿಸಿಕೊಂಡು ಮುಂದುವರಿಯುತ್ತೇನೆ. ಒಂದೇ ಅಲ್ಲದಿದ್ದರೆ, ಹೊಸ ಬ್ಲಾಕ್‌ಗಳನ್ನು ಕಟ್ಟುವ ಎರಡು ಮೈನರ್‌ಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬ್ಲಾಕ್ ಹುಡುಕಿ, ನನ್ನ ನೋಡ್ ಮೊದಲು ನಂಬಿದ್ದ ಕೊಂಬೆ ಸೋತಿದೆ ಎಂದರ್ಥ. ಆಗ ಎರಡೂ ಕೊಂಬೆಗಳಿಗೆ ಸಾಮಾನ್ಯವಾದ ಬ್ಲಾಕ್ ಸಿಗುವವರೆಗೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಸೋತ ಬ್ಲಾಕ್‌ಗಳಲ್ಲಿದ್ದ ಮೊತ್ತಗಳನ್ನು ‘ಇನ್ನೂ ಬ್ಲಾಕ್ ಸೇರಿಲ್ಲ’ ಎಂಬ ದರ್ಜೆಗೆ ಇಳಿಸಿ, ಮತ್ತೆ ಗೆದ್ದ ಕೊಂಬೆಯ ಗುಂಟ ಮುಂದೆ ಬರುತ್ತೇನೆ. ಇಡೀ ಕಾರ್ಯ ಡೇಟಾಬೇಸ್‌ನ ಒಂದೇ ವಹಿವಾಟಿನೊಳಗೆ ನಡೆಯುತ್ತದೆ. ನಡುವೆ ವಿದ್ಯುತ್ ಹೋದರೂ ಅರ್ಧಂಬರ್ಧ ಸ್ಥಿತಿ ಉಳಿಯದು.

ಇಂಥ ಹಿಂಚಲನೆ ಸಾಮಾನ್ಯವಾಗಿ ಒಂದು ಬ್ಲಾಕ್‌ಗೆ ಮುಗಿಯುತ್ತದೆ, ಆದರೆ ಸದಾ ಹಾಗೆಂದು ನಂಬಿ ಕೋಡ್ ಬರೆಯಬಾರದು. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ತಂತ್ರಾಂಶದ 0.8ನೆಯ ಆವೃತ್ತಿ ಒಪ್ಪಿದ ಒಂದು ದೊಡ್ಡ ಬ್ಲಾಕ್ ಅನ್ನು ಹಳೆಯ ಆವೃತ್ತಿಗಳು ತಮ್ಮೊಳಗಿನ ಡೇಟಾಬೇಸ್‌ನ ಲಾಕ್ ಮಿತಿಯ ಕಾರಣದಿಂದ ತಿರಸ್ಕರಿಸಿದವು. ಸರಪಳಿ ಎರಡಾಗಿ, ಹೊಸ ಆವೃತ್ತಿಯ ಕೊಂಬೆಯ 24 ಬ್ಲಾಕ್‌ಗಳನ್ನು ಕೊನೆಗೆ ಕೈಬಿಡಬೇಕಾಯಿತು. ‘ಆರು ದೃಢೀಕರಣ ಸಾಕು’, ಅಂದರೆ ವಹಿವಾಟಿರುವ ಬ್ಲಾಕ್ ಸೇರಿ ಆರು ಬ್ಲಾಕ್ ಬಂದರೆ ಸಾಕು, ಎಂಬ ರೂಢಿಯ ಮಾತು ಅಂದು ಸಾಕಾಗಲಿಲ್ಲ. ಆದ್ದರಿಂದ ನನ್ನ ಕೋಡ್‌ನಲ್ಲಿ ಹಿಂದಕ್ಕೆ ಹೋಗುವ ಆಳಕ್ಕೆ ಮಿತಿಯಿಲ್ಲ; ಆರಕ್ಕಿಂತ ಆಳವಾದರೆ ಮಾತ್ರ ಲೈಸೆನ್ಸ್ ಕಳುಹಿಸುವ ಕೆಲಸವನ್ನು ತಾನಾಗಿ ನಿಲ್ಲಿಸಿ ನನಗೆ ಸುದ್ದಿ ಕಳುಹಿಸುತ್ತದೆ.

ಎಷ್ಟು ದೃಢೀಕರಣಗಳಿಗೆ ಕಾಯಬೇಕೆಂಬುದನ್ನು ರೂಢಿಗೆ ಬಿಡದೆ ನಾನೇ ಲೆಕ್ಕ ಹಾಕಿ ನೋಡಿದೆ. ಮೂಲ ಪ್ರಬಂಧದ ಕೊನೆಯ ಭಾಗದಲ್ಲಿ ಸಿ ಭಾಷೆಯ ಪುಟ್ಟ ಕಾರ್ಯವೊಂದಿದೆ. ಅದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಪ್ರಬಂಧದ ಕೋಷ್ಟಕವನ್ನು ಮತ್ತೆ ಪಡೆದೆ. ಮೋಸಗಾರನ ಬಳಿ ಒಟ್ಟು ಗಣನಾಶಕ್ತಿಯ ಶೇ 10ರಷ್ಟಿದ್ದರೆ, ಅವನು ತನ್ನದೇ ಕೊಂಬೆ ಬೆಳೆಸಿ ಪಾವತಿಯನ್ನು ಅಳಿಸಿಹಾಕುವ ಸಂಭವವನ್ನು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಸಲು 5 ಬ್ಲಾಕ್ ಸಾಕು. ಶೇ 30 ಇದ್ದರೆ 24 ಬೇಕು. ಶೇ 45 ಇದ್ದರೆ 340. ನಾನು ಮಾರುವುದು ಅಲ್ಪ ಬೆಲೆಯ ಉಪಕರಣ. ಅದಕ್ಕಾಗಿ ಯಾರೂ ಅಂಥ ಶಕ್ತಿಯನ್ನು ವ್ಯಯಿಸಲಾರರು ಎಂಬ ತೀರ್ಮಾನದಿಂದ ಒಂದು ಪ್ರತಿಗೆ ಒಂದು ದೃಢೀಕರಣ, ಹಲವು ಪ್ರತಿಗಳ ದೊಡ್ಡ ಖರೀದಿಗೆ ಆರು ಎಂದು ಗೊತ್ತುಮಾಡಿದೆ. ಲೈಸೆನ್ಸ್ ಕಳುಹಿಸುವುದೊಂದೇ ನನ್ನ ವ್ಯವಸ್ಥೆಯಲ್ಲಿ ಹಿಂದಕ್ಕೆ ಪಡೆಯಲಾಗದ ಕೆಲಸ, ಕಾಯುವುದೆಲ್ಲ ಅದೊಂದಕ್ಕಾಗಿ.

ಕಾಯುವಿಕೆ ಎಂದಾಗ ಪುಟದ ವಿನ್ಯಾಸದ ಒಂದು ಪಾಠವನ್ನು ಹೇಳಲೇಬೇಕು. ಬ್ಲಾಕ್‌ಗಳ ನಡುವಿನ ಸರಾಸರಿ ಅಂತರ ಹತ್ತು ನಿಮಿಷ ಎಂದು ಓದಿ, ಹತ್ತು ನಿಮಿಷದಲ್ಲಿ ತುಂಬುವ ಪಟ್ಟಿಯೊಂದನ್ನು ಪುಟದಲ್ಲಿ ಇಟ್ಟಿದ್ದೆ. ಪಟ್ಟಿ ತುಂಬಿದರೂ ಏನೂ ಆಗದಿದ್ದಾಗ ಗ್ರಾಹಕರು ಗಾಬರಿಗೊಂಡು ಬರೆಯುತ್ತಿದ್ದರು, ಒಬ್ಬರು ಎರಡನೆಯ ಬಾರಿ ಹಣವನ್ನೇ ಕಳುಹಿಸಿಬಿಟ್ಟರು. ತಪ್ಪು ನನ್ನದು. ಬ್ಲಾಕ್ ಸಿಗುವುದು ಪ್ರತಿ ಕ್ಷಣವೂ ಹೊಸದಾಗಿ ದಾಳ ಉರುಳಿಸಿದಂತೆ. ಈಗಾಗಲೇ ಎಂಟು ನಿಮಿಷ ಕಾದಿದ್ದರೂ ಇನ್ನು ಮುಂದಿನ ಸರಾಸರಿ ಕಾಯುವಿಕೆ ಮತ್ತೆ ಹತ್ತು ನಿಮಿಷವೇ. ಮೂವತ್ತು ನಿಮಿಷ ದಾಟುವ ಸಂಭವ ಸುಮಾರು ಶೇ 5, ಅಂದರೆ ಸರಾಸರಿ ಇಪ್ಪತ್ತು ಗ್ರಾಹಕರಲ್ಲಿ ಒಬ್ಬರಿಗೆ ಎದುರಾಗುವಂಥದ್ದು. ಶುಲ್ಕ ಕಡಿಮೆ ಇಟ್ಟವರಿಗೆ ಅದಕ್ಕಿಂತ ಹೆಚ್ಚು. ಪಟ್ಟಿಯನ್ನು ತೆಗೆದುಹಾಕಿ, ‘ನಿಮ್ಮ ವಹಿವಾಟು ನಮಗೆ ಕಂಡಿದೆ, ಬ್ಲಾಕ್ ಸೇರಿದ ಕೂಡಲೇ ಇಮೇಲ್ ಬರುತ್ತದೆ, ಈ ಪುಟವನ್ನು ಮುಚ್ಚಬಹುದು’ ಎಂಬ ಸಾಲನ್ನು ಬರೆದೆ. ಗಾಬರಿಯ ಪತ್ರಗಳು ಅಲ್ಲಿಗೆ ನಿಂತವು. ಒಳ್ಳೆಯ ಅನಿಮೇಷನ್‌ಗಿಂತ ಒಂದು ನಿಜವಾದ ವಾಕ್ಯ ದೊಡ್ಡದೆಂದು ನಾನು ಅಂದಿನಿಂದ ನಂಬಿದ್ದೇನೆ.

ಬಿಟ್‌ಕಾಯಿನ್ ದರ ಏರಿಳಿಯುವುದರಿಂದ ಬಿಲ್‌ನ ಬೆಲೆಯನ್ನು ಹದಿನೈದು ನಿಮಿಷಕ್ಕೆ ಕಟ್ಟಿಹಾಕುತ್ತೇನೆ. ಆ ಅವಧಿಯೊಳಗೆ ವಹಿವಾಟು ನನ್ನ ನೋಡ್‌ಗೆ ಕಂಡಿದ್ದರೆ, ಬ್ಲಾಕ್ ಎಷ್ಟೇ ತಡವಾಗಿ ಬಂದರೂ ಅದೇ ಬೆಲೆ. ಬ್ಲಾಕ್‌ನ ಮೇಲೆ ಬರೆದ ಸಮಯವನ್ನು ಇದಕ್ಕೆ ಬಳಸಬಾರದು: ಹಿಂದಿನ 11 ಬ್ಲಾಕ್‌ಗಳ ಮಧ್ಯಾಂಕಕ್ಕಿಂತ ಹೆಚ್ಚಿದ್ದು, ಎರಡು ಗಂಟೆಗಿಂತ ಹೆಚ್ಚು ಮುಂದಿಲ್ಲದಿದ್ದರೆ ಸಾಕು ಎಂಬಷ್ಟು ಸಡಿಲವಾದ ನಿಯಮ ಅದಕ್ಕಿದೆ.

ನನ್ನ ನಿದ್ದೆಗೆಡಿಸಿದ ಘಟನೆ ಮಾತ್ರ ಇವ್ಯಾವುದೂ ಅಲ್ಲ. ಒಂದು ಸಂಜೆ ಫೋನಿನ ವಾಲೆಟ್‌ನಲ್ಲಿ ಅದೇ ಸಾರ್ವಜನಿಕ ಕೀಯನ್ನು ಹಾಕಿ ಒಟ್ಟು ಮೊತ್ತ ನೋಡಿದರೆ, ತಾಣದ ಲೆಕ್ಕಕ್ಕಿಂತ ಬಹಳ ಕಡಿಮೆ ತೋರಿಸಿತು. ಯಾರೋ ಕದ್ದಿದ್ದಾರೆ ಎಂದೇ ಭಾವಿಸಿದೆ. ಗಂಟೆಗಟ್ಟಲೆ ಒಂದೊಂದೇ ವಿಳಾಸವನ್ನು ನೋಡ್‌ನಲ್ಲಿ ಕೈಯಾರೆ ಪರಿಶೀಲಿಸಿದಾಗ ಹಣವೆಲ್ಲ ಅಲ್ಲಲ್ಲೇ ಇತ್ತು. ಕಾರಣ ತಿಳಿದದ್ದು ನಸುಕಿನಲ್ಲಿ. ವಾಲೆಟ್‌ಗಳು ವಿಳಾಸಗಳನ್ನು ಕ್ರಮವಾಗಿ ಹುಡುಕುತ್ತಾ ಹೋಗಿ, ಸತತ 20 ವಿಳಾಸಗಳು ಖಾಲಿ ಸಿಕ್ಕರೆ ಅಲ್ಲಿಗೆ ನಿಲ್ಲುತ್ತವೆ. ಬಿಪ್ 44 ಹೇಳುವ ರೂಢಿ ಅದು. ನನ್ನ ತಾಣದಲ್ಲಿ ಖರೀದಿ ಪುಟ ತೆರೆದವರಿಗೆಲ್ಲ ಹೊಸ ವಿಳಾಸ ಸಿಗುತ್ತಿತ್ತು. ಪುಟಗಳನ್ನು ಜಾಲಾಡುವ ಬಾಟ್‌ಗಳು ನೂರಾರು ವಿಳಾಸಗಳನ್ನು ತೆರೆದು ಬಿಟ್ಟುಹೋಗಿದ್ದವು. ಆ ದೊಡ್ಡ ಖಾಲಿ ಅಂತರದ ಆಚೆ ಬಂದ ಹಣ ವಾಲೆಟ್‌ನ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಇಮೇಲ್ ಕೊಟ್ಟು, ಬಿಟ್‌ಕಾಯಿನ್ ಆಯ್ದು, ಗುಂಡಿ ಒತ್ತಿದ ಬಳಿಕವೇ ವಿಳಾಸ ಹುಟ್ಟುತ್ತದೆ. ವಾಲೆಟ್‌ನ ಹುಡುಕಾಟದ ಅಂತರವನ್ನು 1000ಕ್ಕೆ ಏರಿಸಿದ್ದೇನೆ. ಬಳಸಿದ ಕೊನೆಯ ವಿಳಾಸದ ಕ್ರಮಸಂಖ್ಯೆಯನ್ನು ಪ್ರತಿ ಬ್ಯಾಕಪ್ ಜೊತೆಗೆ ಬರೆದಿಡುತ್ತೇನೆ. ಅವಧಿ ಮುಗಿದ ಬಿಲ್‌ನ ವಿಳಾಸವನ್ನು ಇನ್ನೊಬ್ಬರಿಗೆ ಕೊಟ್ಟು ಉಳಿತಾಯ ಮಾಡುವ ಯೋಚನೆಯೂ ಬಂದಿತ್ತು. ಆದರೆ ತಿಂಗಳ ನಂತರ ಹಳೆಯ ಇಮೇಲ್ ತೆರೆದು ಹಣ ಕಳುಹಿಸುವವರು ಇದ್ದೇ ಇರುತ್ತಾರೆ. ಒಬ್ಬರ ಹಣ ಮತ್ತೊಬ್ಬರ ಬಿಲ್‌ಗೆ ಸೇರುವುದಕ್ಕಿಂತ ವಿಳಾಸ ವ್ಯರ್ಥವಾಗುವುದೇ ಲೇಸು.

ಇದನ್ನೆಲ್ಲ ಪರೀಕ್ಷಿಸುವುದು ಹೇಗೆಂದು ಕೇಳುವವರಿಗೆ ನನ್ನ ಉತ್ತರ ರೆಗ್‌ಟೆಸ್ಟ್. ನಿಜವಾದ ನೆಟ್‌ವರ್ಕ್‌ಗೆ ಸೇರದೆ, ನಮ್ಮ ಯಂತ್ರದಲ್ಲಿಯೇ ಬೇಕೆಂದಾಗ ಬ್ಲಾಕ್ ಸೃಷ್ಟಿಸಬಹುದಾದ ಸರಪಳಿ ಅದು. ಮೈನರ್‌ಗೆ ಬರುವ ಹೊಸ ನಾಣ್ಯ 100 ಬ್ಲಾಕ್‌ಗಳವರೆಗೆ ಖರ್ಚಿಗೆ ಸಿಗದ ಕಾರಣ ಮೊದಲು 101 ಬ್ಲಾಕ್ ಸೃಷ್ಟಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಎರಡು ನೋಡ್‌ಗಳನ್ನು ಬೇರ್ಪಡಿಸಿ, ಒಂದರಲ್ಲಿ ಒಂದು ಬ್ಲಾಕ್, ಇನ್ನೊಂದರಲ್ಲಿ ಎರಡು ಬ್ಲಾಕ್ ಸೃಷ್ಟಿಸಿ, ಮತ್ತೆ ಜೋಡಿಸಿದರೆ ಹಿಂಚಲನೆ ಕಣ್ಣೆದುರೇ ನಡೆಯುತ್ತದೆ. ನನ್ನ ಪರೀಕ್ಷೆಗಳು ಈ ಆಟವನ್ನು ನಾನಾ ಆಳಗಳಲ್ಲಿ ಆಡಿಸುತ್ತವೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು: ನಿಜವಾದ ಸರಪಳಿಯಲ್ಲಿ ಮೈನರ್‌ನ ಪ್ರತಿಫಲ 2,10,000 ಬ್ಲಾಕ್‌ಗಳಿಗೊಮ್ಮೆ ಅರ್ಧವಾದರೆ, ರೆಗ್‌ಟೆಸ್ಟ್‌ನಲ್ಲಿ 150ಕ್ಕೊಮ್ಮೆ ಅರ್ಧವಾಗುತ್ತದೆ. ಅದೇ ಸರಪಳಿಯನ್ನು ವಾರಗಟ್ಟಲೆ ಬೆಳೆಸುತ್ತಾ ಹೋಗಿ, ಪರೀಕ್ಷೆಗೆ ಕಳುಹಿಸಲು ನಾಣ್ಯವೇ ಸಾಲದೆ ನಾನು ಒಂದಿಡೀ ಮಧ್ಯಾಹ್ನ ಕೋಡ್‌ನಲ್ಲಿ ದೋಷ ಹುಡುಕಿದ್ದೇನೆ. ಈಗ ಪ್ರತಿ ಪರೀಕ್ಷೆಯೂ ಹೊಸ ಸರಪಳಿಯಿಂದ ಆರಂಭವಾಗುತ್ತದೆ.

ಈಥರ್ ಪ್ರಯೋಗವನ್ನು ನಾನು ಮುಂದುವರಿಸಲಿಲ್ಲ. ಅಲ್ಲಿಯ ಖಾತೆ ಪದ್ಧತಿಯಲ್ಲಿ ಪ್ರತಿ ಬಿಲ್‌ಗೆ ಹೊಸ ವಿಳಾಸ ಕೊಟ್ಟರೆ, ಚದುರಿದ ಹಣವನ್ನು ಒಟ್ಟುಗೂಡಿಸಲು ಪ್ರತಿ ವಿಳಾಸದಿಂದಲೂ ಶುಲ್ಕ ತೆರಬೇಕು. ಒಂದೇ ವಿಳಾಸ ಕೊಟ್ಟರೆ ಯಾರ ಹಣ ಯಾವುದೆಂದು ತಿಳಿಯದು. ಎರಡನ್ನೂ ತಪ್ಪಿಸಲು ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಸರಪಳಿಯ ಮೇಲೆಯೇ ಓಡುವ ಪ್ರೋಗ್ರಾಂ, ಬರೆಯಬೇಕು. ಒಮ್ಮೆ ಸರಪಳಿಗೆ ಏರಿಸಿದ ಕಾಂಟ್ರಾಕ್ಟ್ ಅನ್ನು ವೆಬ್ ಪುಟದಂತೆ ಮರುದಿನ ತಿದ್ದಲಾಗದು. 2016ರಲ್ಲಿ ದಿ ಡಾವೊ ಎಂಬ ಕಾಂಟ್ರಾಕ್ಟ್‌ನಿಂದ ಸುಮಾರು 36 ಲಕ್ಷ ಈಥರ್ ಹರಿದುಹೋದದ್ದು, ಲೆಕ್ಕ ತಿದ್ದುವ ಮುನ್ನವೇ ಹಣ ಕಳುಹಿಸುವ ಸಾಲೊಂದರ ಕ್ರಮದೋಷದಿಂದ. ನನ್ನ ಸಣ್ಣ ತಾಣಕ್ಕೆ ಅಷ್ಟು ಹೊಣೆ ಬೇಡವೆನಿಸಿತು. ಅದಕ್ಕೆ ಬೇಕಾದ ಅಭ್ಯಾಸವನ್ನು ಪರೀಕ್ಷಾ ನೆಟ್‌ವರ್ಕ್‌ನಲ್ಲಿ ಈಗಲೂ ಮಾಡುತ್ತಿದ್ದೇನೆ.

ಹೊಸ ವ್ಯವಸ್ಥೆ ಓಡಲು ಆರಂಭಿಸಿ ಬಹಳ ಕಾಲದ ಮೇಲೆ, ಒಂದು ಬೆಳಿಗ್ಗೆ ಲಾಗ್ ಓದುವಾಗ ನಾನು ಕಾಯುತ್ತಿದ್ದ ಸಾಲು ಕಣ್ಣಿಗೆ ಬಿತ್ತು. ರಾತ್ರಿ ನನ್ನ ನೋಡ್ ಒಂದು ಬ್ಲಾಕ್ ಹಿಂದಕ್ಕೆ ಸರಿದು ಇನ್ನೊಂದು ಕೊಂಬೆಗೆ ಬಂದಿತ್ತು. ಆ ಹೊತ್ತಿನಲ್ಲಿ ಹಲವು ಪ್ರತಿಗಳ ಬಿಲ್ ಒಂದು ತೆರೆದಿತ್ತು. ಅದರ ದೃಢೀಕರಣಗಳ ಸಂಖ್ಯೆ ಒಂದರಿಂದ ಸೊನ್ನೆಗೆ ಇಳಿದು, ಗೆದ್ದ ಕೊಂಬೆಯಲ್ಲಿಯೂ ಆ ವಹಿವಾಟು ಇದ್ದುದರಿಂದ ಮರುಕ್ಷಣವೇ ಎರಡಕ್ಕೆ ಏರಿತ್ತು. ಆರು ತುಂಬಿದ ಮೇಲೆ ಕೀಗಳ ಇಮೇಲ್ ಹೋಗಿತ್ತು, ಒಂದೇ ಬಾರಿ. ಗ್ರಾಹಕರಿಗೆ ಇದಾವುದೂ ತಿಳಿದಿರಲಿಲ್ಲ. ಅವರು ಉಪಕರಣವನ್ನು ಇಳಿಸಿಕೊಂಡು, ಅದರ ಎರಡನೆಯ ಮೆನುವಿನಲ್ಲಿದ್ದ ಕಾಗುಣಿತದ ತಪ್ಪೊಂದನ್ನು ನನಗೆ ಬರೆದು ತಿಳಿಸಿದ್ದರು.